ಗ್ರಿಫಿತ್ ವೀಕ್ಷಣಾಲಯ ಮತ್ತು ನಮ್ಮ ಶಾಲೆಯ ದೂರದರ್ಶಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಅದರ ಬಗ್ಗೆ ಮಕ್ಕಳಿಗೆ ನನಗಿಂತ ಅವರ ಮೊಬೈಲೇ ಹೆಚ್ಚು ಹೇಳುತ್ತದೆ. ಹಾಗಾಗಿ ಅಧ್ಯಕ್ಷರ ಅಪ್ಪಣೆ ಪಡೆದು ವಿಷಯ ಬದಲಿಸಿಕೊಂಡಿದ್ದೇನೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಒಂದು ಗುಡ್ಡದ ಮೇಲಿರುವ ಗ್ರಿಫಿತ್ ವೀಕ್ಷಣಾಲಯದ ಬಗ್ಗೆ ಮಾತಾಡುತ್ತೇನೆ. ಅಷ್ಟು ದೂರದ್ದು ನಮಗೇಕೆ ಎಂದು ಕೇಳಬಹುದು. ನಮ್ಮ ಶಾಲೆಯ ಆಫೀಸ್ ರೂಮಿನ ಕಬ್ಬಿಣದ ಬೀರುವಿಗೂ ಅದಕ್ಕೂ ಸಂಬಂಧವಿದೆ. ಅಲ್ಲಿಗೆ ಬರುತ್ತೇನೆ.

ಮೊದಲು 2004ನೇ ಇಸವಿ ಜೂನ್ 8. ನಾನಾಗ ಹತ್ತನೇ ತರಗತಿ, ಶಾಲೆ ಶುರುವಾಗಿ ವಾರವಾಗಿತ್ತಷ್ಟೆ. ಅವತ್ತು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವ ದಿನ. ಶುಕ್ರ ಸಂಕ್ರಮಣ ಅನ್ನುತ್ತಾರೆ. ಅದಕ್ಕೆ ಮುಂಚೆ ಆದದ್ದು 1882ರಲ್ಲಿ. ಅಂದರೆ ಅವತ್ತು ಭೂಮಿಯ ಮೇಲೆ ಬದುಕಿದ್ದ ಯಾರೂ ಅದನ್ನು ನೋಡಿರಲಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಅರಣ್ಯ ಇಲಾಖೆಯವರೊಬ್ಬರ ಹತ್ತಿರ ಒಂದು ಹಳೆಯ ಬೈನಾಕ್ಯುಲರ್ ಕೇಳಿ ತಂದಿದ್ದರು. ಅದರ ಒಂದು ಕಣ್ಣಿಗೆ ರಟ್ಟು ಮುಚ್ಚಿ, ಕುರ್ಚಿಗೆ ಸುತ್ತಲಿ ದಾರದಿಂದ ಕಟ್ಟಿ, ಸೂರ್ಯನ ಬಿಂಬ ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಬೀಳುವ ಹಾಗೆ ಮಾಡಿದರು. ಬೈನಾಕ್ಯುಲರಿನಲ್ಲಿ ಯಾರೂ ಕಣ್ಣಿಡಬಾರದು, ಕಣ್ಣು ಸುಟ್ಟುಹೋಗುತ್ತದೆ ಎಂದು ಹತ್ತು ಸಲ ಹೇಳಿದರು. ಮೋಡ ಬರುವುದು, ಹೋಗುವುದು. ಬಿಸಿಲು ಬಿದ್ದಾಗ ಹಾಳೆಯ ಮೇಲೆ ಸಣ್ಣ ತಟ್ಟೆಯಷ್ಟು ಸೂರ್ಯ, ಅದರ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ.

ನನಗೆ ನೆನಪಿರುವುದು ಚುಕ್ಕಿಗಿಂತ ಹೆಚ್ಚಾಗಿ ಮೇಷ್ಟ್ರು ಮಾಡಿದ ಇನ್ನೊಂದು ಕೆಲಸ. ನಮ್ಮದೆಲ್ಲ ನೋಡಿ ಆದ ಮೇಲೆ ಅವರು ಗೇಟಿನ ಹತ್ತಿರ ಹೋಗಿ ನಿಂತರು. ಹೊಲಕ್ಕೆ ಹೋಗುವವರು, ಬಸ್ಸಿಗೆ ಕಾಯುವವರು, ಟೀ ಅಂಗಡಿಯಲ್ಲಿ ಕೂತವರು, ಎಲ್ಲರನ್ನೂ ಕರೆದರು. “ಬನ್ರಮ್ಮ, ನೀವೂ ನೋಡಿ, ಇನ್ನು ಎಂಟು ವರ್ಷ ಸಿಗಲ್ಲ” ಅಂದರು. ಸಂಜೆಯವರೆಗೂ ಜನ ಬಂದು ಹೋದರು. ಒಬ್ಬ ಅಜ್ಜ ಹಾಳೆಯ ಮೇಲೆ ಬಗ್ಗಿ ನೋಡಿ, “ಈ ಸಾಸಿವೆ ಕಾಳಿಗೇನಪ್ಪ ನಾವು ಶುಕ್ರದೆಸೆ, ಶುಕ್ರದೆಸೆ ಅಂತ ಕಾಯೋದು?” ಅಂದ. ಮೇಷ್ಟ್ರು ನಕ್ಕು, “ಅಜ್ಜ, ಅದು ಹೆಚ್ಚುಕಡಿಮೆ ನಮ್ಮ ಭೂಮಿಯಷ್ಟೇ ದೊಡ್ಡದು” ಅಂದಾಗ ಅಜ್ಜ ಸುಮ್ಮನಾಗಿ, ಹಾಳೆಯನ್ನೇ ಇನ್ನೊಂದು ಸಲ ನೋಡಿದ. ಆ ಎರಡನೇ ಸಲ ನೋಡಿದ ಮುಖ ನನಗೆ ಈಗಲೂ ನೆನಪಿದೆ.

ಎಂಟು ವರ್ಷದ ನಂತರ, 2012ರ ಜೂನ್ 6ರಂದು ಶುಕ್ರ ಮತ್ತೆ ಬಂತು. ಅಷ್ಟರಲ್ಲಿ ನಮ್ಮ ಬ್ಯಾಚಿನ ಕೆಲವರಿಗೆ ಕೆಲಸ ಸಿಕ್ಕಿತ್ತು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಮೇಷ್ಟ್ರ ನೆನಪಿಗೆ ಎಂದು ಎಲ್ಲರೂ ಸೇರಿ ಶಾಲೆಗೆ ನಾಲ್ಕೂವರೆ ಇಂಚಿನ ಕನ್ನಡಿಯ ದೂರದರ್ಶಕ ಕೊಟ್ಟೆವು. ಸಣ್ಣ ಸಮಾರಂಭ, ಶಾಲು, ಹಾರ, ಫೋಟೋ. ಫೋಟೋದಲ್ಲಿ ನಾನು ದೂರದರ್ಶಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೇನೆ. ಅದನ್ನು ಫೇಸ್‌ಬುಕ್ಕಿಗೆ ಹಾಕಿದೆ. ಬೆಂಗಳೂರಿಗೆ ಹೋದೆ. ಮರೆತೆ.

ಇನ್ನು ಲಾಸ್ ಏಂಜಲೀಸ್. 2017ರ ಆಗಸ್ಟಿನಲ್ಲಿ ಕಂಪನಿ ಕೆಲಸದ ಮೇಲೆ ಅಲ್ಲಿ ಕೆಲವು ವಾರ ಇದ್ದೆ. ಕಾರಿಲ್ಲದವನಿಗೆ ಆ ಊರಿನಲ್ಲಿ ಕಾಲಿಲ್ಲ. ಮೆಟ್ರೋ ರೈಲಿನಲ್ಲಿ ವರ್ಮಾಂಟ್ ಸನ್‌ಸೆಟ್ ಎಂಬ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಗುಡ್ಡ ಹತ್ತುವ ಸಣ್ಣ ಬಸ್ಸು ಹಿಡಿದೆ. ಮೇಲೆ ಬಿಳಿ ಕಟ್ಟಡ, ನಡುವೆ ದೊಡ್ಡ ಗುಮ್ಮಟ, ಎರಡು ತುದಿಗೆ ಎರಡು ಸಣ್ಣ ಗುಮ್ಮಟ. ಸಮುದ್ರಮಟ್ಟದಿಂದ 1,134 ಅಡಿ ಅಷ್ಟೆ. ನಮ್ಮ ನಂದಿಬೆಟ್ಟದ ಮುಂದೆ ಅದು ದಿಬ್ಬ. ಕೆಳಗೆ ನಗರದ ದೀಪ ಕಣ್ಣು ಹಾಯುವವರೆಗೂ ಹರಡಿರುತ್ತದೆ.

ಒಳಗೆ ಹೋಗಲು ಟಿಕೆಟ್ ಕೌಂಟರ್ ಹುಡುಕಿದೆ. ಇರಲಿಲ್ಲ. ತಾರಾಲಯದ ಪ್ರದರ್ಶನಕ್ಕೆ ಮಾತ್ರ ಟಿಕೆಟ್ಟು, ಉಳಿದದ್ದಕ್ಕೆಲ್ಲ ದುಡ್ಡಿಲ್ಲ. ಬಾಗಿಲು ದಾಟಿದ ಕೂಡಲೇ ಒಂದು ಹಳ್ಳದಲ್ಲಿ ಲೋಲಕ ತೂಗಾಡುತ್ತಿರುತ್ತದೆ. 40 ಅಡಿ ತಂತಿಗೆ 240 ಪೌಂಡ್, ಅಂದರೆ ಸುಮಾರು 109 ಕಿಲೋ ತೂಕದ ಹಿತ್ತಾಳೆ ಗುಂಡು. ಫೂಕೋ ಲೋಲಕ ಅಂತ ಅದರ ಹೆಸರು. ಗುಂಡು ಒಂದೇ ನೇರದಲ್ಲಿ ಆಡುತ್ತಿದ್ದರೂ ಕೆಳಗೆ ವೃತ್ತವಾಗಿ ನಿಲ್ಲಿಸಿದ ಗೂಟಗಳನ್ನು ಒಂದೊಂದಾಗಿ ಬೀಳಿಸುತ್ತಾ ಹೋಗುತ್ತದೆ. ಗುಂಡು ದಿಕ್ಕು ಬದಲಿಸಿದ್ದಲ್ಲ, ಅದರ ಕೆಳಗೆ ನೆಲವೇ, ಭೂಮಿಯೇ ತಿರುಗಿದ್ದು. ಮಕ್ಕಳು ಕಟಕಟೆಗೆ ಗಲ್ಲ ಊರಿ ಮುಂದಿನ ಗೂಟ ಯಾವಾಗ ಬೀಳುತ್ತದೆಂದು ಕಾಯುತ್ತಿರುತ್ತಾರೆ. ಬಿದ್ದಾಗ ಚಪ್ಪಾಳೆ. ಆ ಊರಿನಲ್ಲಿ ಪೂರ್ತಿ ಒಂದು ಸುತ್ತಿಗೆ ಸುಮಾರು 42 ಗಂಟೆ ಬೇಕು. ನಮ್ಮೂರಿನ ಅಕ್ಷಾಂಶ ಸುಮಾರು 14 ಡಿಗ್ರಿ. ಇಲ್ಲಿ ತೂಗುಹಾಕಿದರೆ ಎಷ್ಟಾಗಬಹುದು ಎಂದು ಅವತ್ತು ರಾತ್ರಿ ರೂಮಿನಲ್ಲಿ ಲೆಕ್ಕ ಹಾಕಿದೆ. ಹತ್ತಿರಹತ್ತಿರ 99 ಗಂಟೆ, ನಾಲ್ಕು ದಿನಕ್ಕಿಂತ ಸ್ವಲ್ಪ ಹೆಚ್ಚು. ಹತ್ತನೇ ತರಗತಿಯವರು ತ್ರಿಕೋನಮಿತಿ ಯಾಕೆ ಕಲಿಯಬೇಕು ಸಾರ್ ಎಂದು ಕೇಳುತ್ತಿರುತ್ತೀರಲ್ಲ, ಈ ಲೆಕ್ಕಕ್ಕೆ ಬೇಕಾದದ್ದು ಒಂದು ಸೈನ್ ಮಾತ್ರ. ಮಾಡಿ ನೋಡಿ.

ಈಗ ಆ ಮನುಷ್ಯನ ಕಥೆ. ಹೆಸರು ಗ್ರಿಫಿತ್ ಜೆ. ಗ್ರಿಫಿತ್. ಹೌದು, ಹಿಂದೂ ಅದೇ ಮುಂದೂ ಅದೇ. ವೇಲ್ಸ್ ದೇಶದಲ್ಲಿ 1850ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅಮೆರಿಕಕ್ಕೆ ಹೋಗಿ, ಗಣಿ ವ್ಯವಹಾರದಲ್ಲಿ, ಭೂಮಿ ವ್ಯವಹಾರದಲ್ಲಿ ದುಡ್ಡು ಮಾಡಿದವನು. 1896ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ನಗರಕ್ಕೆ 3,015 ಎಕರೆ ಜಾಗವನ್ನು ಉದ್ಯಾನವನಕ್ಕೆಂದು ದಾನ ಕೊಟ್ಟ. ಇಲ್ಲಿಯವರೆಗೆ ಕಥೆ ಎಲ್ಲ ದಾನಿಗಳ ಕಥೆಯಂತೆಯೇ ಇದೆ. 1903ರಲ್ಲಿ ಕುಡಿತ ಮತ್ತು ಅನುಮಾನ ತಲೆಗೇರಿ, ಒಂದು ಹೋಟೆಲಿನ ಕೋಣೆಯಲ್ಲಿ ಹೆಂಡತಿಯ ಮುಖಕ್ಕೆ ಗುಂಡು ಹೊಡೆದ. ಆಕೆ ಕಿಟಕಿಯಿಂದ ಹಾರಿ ಜೀವ ಉಳಿಸಿಕೊಂಡರು. ಒಂದು ಕಣ್ಣು ಹೋಯಿತು. ಆಕೆಯ ಹೆಸರು ಕ್ರಿಸ್ಟಿನಾ. ಇವನಿಗೆ ಸುಮಾರು ಎರಡು ವರ್ಷ ಸೆರೆವಾಸವಾಯಿತು, ಇಷ್ಟೇನಾ ಅನ್ನಿಸುವಷ್ಟು ಕಡಿಮೆ. ಶಾಲೆಯ ಸಮಾರಂಭದಲ್ಲಿ ಇದೆಲ್ಲ ಬೇಕೇ ಎಂದು ಯೋಚಿಸಿದೆ. ಆದರೆ ದಾನದ ಕಥೆ ಹೇಳುವಾಗ ದಾನಿಯ ಇದೊಂದು ಭಾಗ ಬಿಟ್ಟು ಹೇಳಿದರೆ ಆ ಹೆಂಗಸಿಗೆ ಇನ್ನೊಂದು ಸಲ ಅನ್ಯಾಯ ಮಾಡಿದಂತೆ.

ಜೈಲಿನಿಂದ ಹೊರಬಂದ ಮೇಲೆ ಅವನು ಮೌಂಟ್ ವಿಲ್ಸನ್ ಬೆಟ್ಟಕ್ಕೆ ಹೋದ. ಅಲ್ಲಿ 1908ರಿಂದ 60 ಇಂಚು ಅಗಲದ ಕನ್ನಡಿಯ ದೂರದರ್ಶಕ ಕೆಲಸ ಮಾಡುತ್ತಿತ್ತು, ಆಗಿನ ಕಾಲಕ್ಕೆ ಬಹಳ ದೊಡ್ಡದು. ಅದರಲ್ಲಿ ಒಮ್ಮೆ ನೋಡಿದ. ಎಲ್ಲ ಮನುಷ್ಯರಿಗೂ ಹೀಗೆ ನೋಡಲು ಸಿಕ್ಕರೆ ಲೋಕವೇ ಬದಲಾಗುತ್ತದೆ ಎಂಬ ಅರ್ಥದ ಮಾತು ಹೇಳಿದನಂತೆ. ಆ ದೂರದರ್ಶಕ ಇದ್ದದ್ದು ದೂರದ ಬೆಟ್ಟದ ಮೇಲೆ, ವಿಜ್ಞಾನಿಗಳ ಕೈಯಲ್ಲಿ. ಕೂಲಿಯವನೋ ಅಂಗಡಿಯವನೋ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಊರಿನ ಪಕ್ಕದಲ್ಲೇ, ತಾನು ಕೊಟ್ಟ ಉದ್ಯಾನವನದ ಗುಡ್ಡದ ಮೇಲೆ, ಜನರಿಗಾಗಿಯೇ ಒಂದು ವೀಕ್ಷಣಾಲಯ ಆಗಬೇಕು ಎಂದು 1912ರಲ್ಲಿ ಒಂದು ಲಕ್ಷ ಡಾಲರ್ ಕೊಡಲು ಮುಂದೆ ಬಂದ.

ಊರಿನಲ್ಲಿ ಗಲಾಟೆಯಾಯಿತು. ಹೆಂಡತಿಗೆ ಗುಂಡು ಹೊಡೆದವನ ದುಡ್ಡು ನಮಗೆ ಬೇಡ, ಹೆಸರು ತೊಳೆದುಕೊಳ್ಳಲು ಕೊಡುತ್ತಿದ್ದಾನೆ ಎಂದರು. ಆ ಆಕ್ಷೇಪ ಸುಳ್ಳೆಂದು ನನಗೂ ಅನ್ನಿಸುವುದಿಲ್ಲ. ಜಗಳ, ಕೋರ್ಟು, ಎಳೆದಾಟ. 1919ರಲ್ಲಿ ಅವನು ಸತ್ತಾಗ ಒಂದು ಕಲ್ಲೂ ಎದ್ದಿರಲಿಲ್ಲ. ಆದರೆ ಉಯಿಲು ಬರೆದು, ಹಣವನ್ನು ಒಂದು ಟ್ರಸ್ಟಿನಲ್ಲಿ ಕಟ್ಟಿಹಾಕಿ ಹೋಗಿದ್ದ.

ಆ ತಡವಾದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಅವನ ಯೋಜನೆಯಲ್ಲಿ ಜನರಿಗೆ ವಿಜ್ಞಾನದ ಸಿನಿಮಾ ತೋರಿಸುವ ಒಂದು ಚಿತ್ರಮಂದಿರವಿತ್ತು. 1923ರಲ್ಲಿ ಜರ್ಮನಿಯ ಜೈಸ್ ಕಂಪನಿ ಗುಮ್ಮಟದ ಒಳಮೈ ಮೇಲೆ ನಕ್ಷತ್ರಗಳನ್ನು ಮೂಡಿಸುವ ಯಂತ್ರ ಮಾಡಿತು. ಹಾಗಾಗಿ ಚಿತ್ರಮಂದಿರದ ಜಾಗದಲ್ಲಿ ತಾರಾಲಯ ಬಂತು. ಕಟ್ಟಡದ ಕೆಲಸ ಶುರುವಾಗುವ ಮೊದಲು, 1933ರ ಮಾರ್ಚಿನಲ್ಲಿ ಹತ್ತಿರದ ಲಾಂಗ್ ಬೀಚಿನಲ್ಲಿ ಭೂಕಂಪವಾಯಿತು. ಅದನ್ನು ನೋಡಿ ನಕ್ಷೆಯನ್ನು ಇನ್ನೂ ಗಟ್ಟಿಮಾಡಿದರು. ದೇಶದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ, ಸಾಮಾನು ಅಗ್ಗ. 1935ರ ಮೇ 14ರಂದು ಉದ್ಘಾಟನೆ. ಮೊದಲ ಐದು ದಿನದಲ್ಲೇ 13,000ಕ್ಕೂ ಹೆಚ್ಚು ಜನ ಬಂದರು. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರು, ಅರವತ್ತರ ದಶಕದಲ್ಲಿ ಅಪೊಲೋ ಗಗನಯಾತ್ರಿಗಳು ನಕ್ಷತ್ರ ಗುರುತಿಸುವುದನ್ನು ಕಲಿತದ್ದು ಅದೇ ಗುಮ್ಮಟದ ಕೆಳಗೆ, ಶಾಲೆಯ ಮಕ್ಕಳು ಕೂರುವ ಅದೇ ಜಾಗದಲ್ಲಿ.

ವೀಕ್ಷಣಾಲಯ ಅಂದರೆ ನಮ್ಮ ಮನಸ್ಸಿಗೆ ಬರುವುದು ಸಂಶೋಧನೆ. ಇದು ಹಾಗಲ್ಲ. ಹಬಲ್ ಎಂಬ ವಿಜ್ಞಾನಿ ನಮ್ಮ ಆಕಾಶಗಂಗೆಯ ಆಚೆ ಬೇರೆ ಗೆಲಾಕ್ಸಿಗಳಿವೆ ಎಂದು ಕಂಡುಕೊಂಡದ್ದು ಮೌಂಟ್ ವಿಲ್ಸನ್ನಿನಿಂದ. ಗ್ರಿಫಿತ್ ಕಟ್ಟಿದ್ದು ಜನ ನೋಡಲಿ ಎಂದು ಮಾತ್ರ. ನಗರದ ದೀಪಗಳು ಹೆಚ್ಚಿ ಅಲ್ಲಿನ ಆಕಾಶ ಈಗ ಬೂದಿ ಬಣ್ಣ. 1994ರಲ್ಲಿ ಮತ್ತೊಂದು ಭೂಕಂಪವಾಗಿ ಬೆಳಗಿನ ಜಾವ ಊರಿಗೆಲ್ಲ ಕರೆಂಟು ಹೋದಾಗ, ಆಕಾಶದಲ್ಲಿ ಏನೋ ವಿಚಿತ್ರ ಕಾಣುತ್ತಿದೆ ಎಂದು ಜನ ಈ ವೀಕ್ಷಣಾಲಯಕ್ಕೆ ಫೋನ್ ಮಾಡಿದರಂತೆ. ಅವರು ಕಂಡದ್ದು ನಕ್ಷತ್ರಗಳನ್ನು. ನಮ್ಮೂರಲ್ಲಿ ಕರೆಂಟು ಹೋದರೆ ಯಾರೂ ಫೋನ್ ಮಾಡುವುದಿಲ್ಲ, ಮಾಡಿದರೆ ಲೈನ್‌ಮನ್‌ಗೆ. ಆದರೆ ಚಂದ್ರ, ಗುರು, ಶನಿ ನಗರದ ದೀಪಕ್ಕೆ ಹೆದರುವುದಿಲ್ಲ. ಅವು ಅಲ್ಲಿಯೂ ಚೆನ್ನಾಗಿಯೇ ಕಾಣುತ್ತವೆ.

ಪೂರ್ವದ ಗುಮ್ಮಟದಲ್ಲಿ 12 ಇಂಚು ಮಸೂರದ ಜೈಸ್ ದೂರದರ್ಶಕವಿದೆ. ಕತ್ತಲಲ್ಲಿ ಅಗಲವಾಗಿ ತೆರೆದ ನಮ್ಮ ಕಣ್ಣಿನ ಪಾಪೆಗಿಂತ ಸುಮಾರು 1,900 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ವೀಕ್ಷಣಾಲಯ ತೆರೆದಿರುವ ಪ್ರತಿ ರಾತ್ರಿ, ಆಕಾಶ ತಿಳಿಯಾಗಿದ್ದರೆ, ಯಾರು ಬೇಕಾದರೂ ಸಾಲಿನಲ್ಲಿ ನಿಂತು ನೋಡಬಹುದು. 1935ರಿಂದ ಇದರಲ್ಲಿ ಕಣ್ಣಿಟ್ಟವರ ಸಂಖ್ಯೆ 70 ಲಕ್ಷ ದಾಟಿದೆ. ಜಗತ್ತಿನಲ್ಲಿ ಬೇರಾವ ದೂರದರ್ಶಕದಲ್ಲೂ ಇಷ್ಟು ಜನ ನೋಡಿಲ್ಲ ಎಂದು ಅಲ್ಲಿಯವರು ಹೇಳುತ್ತಾರೆ.

ನಾನೂ ಮಾಳಿಗೆಯ ಮೇಲೆ ಸಾಲಿನಲ್ಲಿ ನಿಂತೆ. ಮುಂದೆ ಒಂದು ದೊಡ್ಡ ಕುಟುಂಬ, ಅಜ್ಜಿಯಿಂದ ಮೊಮ್ಮಗುವಿನವರೆಗೆ, ಸ್ಪ್ಯಾನಿಷ್ ಮಾತಾಡುತ್ತಿದ್ದರು. ಹಿಂದೆ ಕೆಲಸದ ಬಟ್ಟೆಯಲ್ಲೇ ಬಂದಿದ್ದ ಇಬ್ಬರು, ಬೂಟಿನ ಮೇಲೆ ಸಿಮೆಂಟು. ಮುಕ್ಕಾಲು ಗಂಟೆ ಕಾದ ಮೇಲೆ ಅರ್ಧ ನಿಮಿಷ ನೋಡಲು ಸಿಕ್ಕಿತು. ಶನಿ. ಆ ವರ್ಷ ಅದರ ಬಳೆ ನಮ್ಮ ಕಡೆಗೆ ಚೆನ್ನಾಗಿ ವಾಲಿತ್ತು. ಪುಸ್ತಕದ ಚಿತ್ರದಂತೆಯೇ ಇತ್ತು, ಆದರೆ ಸಣ್ಣದು, ಅಲುಗಾಡುತ್ತಿತ್ತು, ನಿಜವಾದದ್ದು. ನನ್ನ ಮುಂದಿದ್ದ ಅಜ್ಜಿ ನೋಡಿ ಕೆಳಗಿಳಿದು, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತರು. ನನಗೆ ತಟ್ಟನೆ ಶುಕ್ರದೆಸೆ ಅಜ್ಜನ ನೆನಪಾಯಿತು.

ಶನಿಗಿಂತ ಹೆಚ್ಚಾಗಿ ನಾನು ಗಮನಿಸಿದ್ದು ದೂರದರ್ಶಕದ ಪಕ್ಕದಲ್ಲಿದ್ದ ಮನುಷ್ಯನನ್ನು. ಪ್ರತಿಯೊಬ್ಬರಿಗೂ ಅದೇ ಮಾತು. ಇಲ್ಲಿ ನಿಲ್ಲಿ, ಹಿಡಿಕೆ ಮುಟ್ಟಬೇಡಿ, ಕಣ್ಣು ಹತ್ತಿರ ತನ್ನಿ, ಕಂಡಿತೇ? ಕಾಣಲಿಲ್ಲ ಅಂದವರಿಗೆ ಮತ್ತೆ ಸರಿಮಾಡಿ ತೋರಿಸುತ್ತಿದ್ದ. ಒಂದು ಸಲವೂ ಗೊಣಗಲಿಲ್ಲ. ಈ ವೀಕ್ಷಣಾಲಯ ನಡೆಸುವುದು ಲಾಸ್ ಏಂಜಲೀಸ್ ನಗರಾಡಳಿತದ ಉದ್ಯಾನವನ ಇಲಾಖೆ. ಆ ದೂರದರ್ಶಕದ ಪಕ್ಕ ಒಬ್ಬರು ನಿಂತಿರಬೇಕೆಂದು ನಗರವೇ ಏರ್ಪಾಡು ಮಾಡಿದೆ. 2002ರಲ್ಲಿ ಕಟ್ಟಡವನ್ನು ಮುಚ್ಚಿ, ನಾಲ್ಕು ವರ್ಷ, 9 ಕೋಟಿ 30 ಲಕ್ಷ ಡಾಲರ್ ಖರ್ಚು ಮಾಡಿ ರಿಪೇರಿ ಮಾಡಿದರು. ಹೊಸ ಸಭಾಂಗಣಗಳನ್ನು ಮುಂದಿನ ಹುಲ್ಲುಹಾಸಿನ ಕೆಳಗೆ, ನೆಲದೊಳಗೆ ಕಟ್ಟಿದರು, ಹಳೆಯ ಕಟ್ಟಡದ ಚಹರೆ ಕೆಡಬಾರದೆಂದು. ನಗರದ ಐದನೇ ತರಗತಿ ಮಕ್ಕಳಿಗೆಂದೇ ಬೇರೆ ಕಾರ್ಯಕ್ರಮವಿದೆ. ತಿಂಗಳಿಗೊಂದು ಸಲ ಹವ್ಯಾಸಿಗಳು ತಮ್ಮ ಸ್ವಂತ ದೂರದರ್ಶಕಗಳನ್ನು ತಂದು ಹುಲ್ಲಿನ ಮೇಲೆ ಇಟ್ಟು ಬಂದವರಿಗೆ ತೋರಿಸುತ್ತಾರೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೆಯೇ. ಬರೆದು ಮುಗಿಸುವುದು ಸಣ್ಣ ಕೆಲಸ, ಆಮೇಲೆ ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಊರಿಗೆ ಬಂದಾಗ ನಮ್ಮ ದೂರದರ್ಶಕ ಏನಾಗಿದೆ ಎಂದು ಶಾಲೆಗೆ ಹೋಗಿ ಕೇಳಿದೆ. ಬೀರು ತೆಗೆದರು. ಥರ್ಮಾಕೋಲ್ ಸಮೇತ ಪೆಟ್ಟಿಗೆಯಲ್ಲೇ ಇತ್ತು. ಕೊಳವೆಯೊಳಗೆ ಹಲ್ಲಿಮೊಟ್ಟೆ. ಸ್ಟಾಕ್ ರಿಜಿಸ್ಟರಿನಲ್ಲಿ ‘ದೂರದರ್ಶಕ — 1’ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಐದು ವರ್ಷದಲ್ಲಿ ಅದು ಹೊರಗೆ ಬಂದದ್ದು ಎರಡು ಸಲ. ನನಗೆ ಸಿಟ್ಟು ಬಂತು, ಆಗಿನ ಮುಖ್ಯ ಶಿಕ್ಷಕರ ಹತ್ತಿರ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ಸಮಾಧಾನವಾಗಿ ಹೇಳಿದರು: “ನೋಡಪ್ಪ, ಒಡೆದರೆ ಆಡಿಟ್‌ನಲ್ಲಿ ನನ್ನನ್ನ ಕೇಳ್ತಾರೆ. ಹಾಕೋದು ಹೇಗೆ ಅಂತ ಗೊತ್ತಿದ್ದ ಮೇಷ್ಟ್ರಿಗೆ ವರ್ಗ ಆಯ್ತು. ರಾತ್ರಿ ಮಕ್ಕಳನ್ನ ಕರೆಸಿದ್ರೆ ಹೆಣ್ಣುಮಕ್ಕಳನ್ನ ಮನೆಗೆ ಯಾರು ಬಿಟ್ಟುಬರ್ತಾರೆ? ನೀವು ಕೊಟ್ಟು ಹೋದ್ರಿ, ಇದನ್ನೆಲ್ಲ ಹೇಳಿ ಹೋದ್ರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಅವರದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ತಪ್ಪು ಫೋಟೋದಲ್ಲಿ ಕೈ ಇಟ್ಟು ನಿಂತವನದು. ಗ್ರಿಫಿತ್ ಎಂಥ ಮನುಷ್ಯನೇ ಆಗಿರಲಿ, ತಾನು ಹೋದ ಮೇಲೆ ಯಾರು ನಡೆಸಬೇಕು ಎನ್ನುವುದನ್ನು ಉಯಿಲಿನಲ್ಲಿ ಯೋಚಿಸಿದ್ದ. ನಾವು ಕೊರಿಯರ್ ಖರ್ಚಿನವರೆಗೆ ಮಾತ್ರ ಯೋಚಿಸಿದ್ದೆವು. ನಮ್ಮ ಮೇಷ್ಟ್ರ ಹತ್ತಿರ ಸ್ವಂತ ಬೈನಾಕ್ಯುಲರ್ ಕೂಡ ಇರಲಿಲ್ಲ, ಆದರೆ ಗೇಟಿನಲ್ಲಿ ಅವರು ಇದ್ದರು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ, ಇಷ್ಟು ಜನರೆದುರೇ, ಒಂದು ಕೋರಿಕೆ ಇಡುತ್ತೇನೆ. ಸುವರ್ಣ ಮಹೋತ್ಸವದ ನಿಧಿಯಲ್ಲಿ ಸ್ವಾಗತ ಕಮಾನು ಕಟ್ಟಬೇಕು, ದಾನಿಗಳ ಹೆಸರು ಕೆತ್ತಿಸಬೇಕು ಎಂಬ ಮಾತಿದೆ. ಕಮಾನು ಬೇಡ ಅನ್ನುತ್ತಿಲ್ಲ, ಒಂದೆರಡು ಅಡಿ ಗಿಡ್ಡವಾದರೂ ನಡೆಯುತ್ತದೆ. ಉಳಿದ ಹಣದಲ್ಲಿ ಇನ್ನೊಂದು ದೂರದರ್ಶಕ ಕೊಳ್ಳುವುದೂ ಬೇಡ. ತಿಂಗಳಿಗೆ ಎರಡು ಸಂಜೆ ಇರುವ ದೂರದರ್ಶಕವನ್ನು ಹೊರಗೆ ಹಾಕಿ ತೋರಿಸುವವರಿಗೆ ಗೌರವಧನ ಇಡೋಣ. ಮುರಿದರೆ ರಿಪೇರಿ ಖರ್ಚು ಸಂಘದ್ದು, ಶಿಕ್ಷಕರದ್ದಲ್ಲ ಎಂದು ಠರಾವು ಬರೆದು ರಿಜಿಸ್ಟರಿಗೆ ಅಂಟಿಸೋಣ. ಮಕ್ಕಳು ಅಪ್ಪ ಅಮ್ಮನ ಜೊತೆಗೇ ಬರಲಿ, ಜೊತೆಗೇ ಹೋಗಲಿ. ಅವರೂ ನೋಡಿದ ಹಾಗಾಗುತ್ತದೆ. ಇದಕ್ಕೆ ಮೊದಲ ಮೂರು ವರ್ಷದ ಹಣ ನಮ್ಮ ಬ್ಯಾಚಿನಿಂದ ಒಟ್ಟುಮಾಡಿದ್ದೇವೆ. ನಾಲ್ಕನೇ ವರ್ಷಕ್ಕೆ ಬೇರೆ ಬ್ಯಾಚಿನವರು ಕೈ ಎತ್ತಬೇಕು. ಊಟ ಆದ ಮೇಲೆ ನಾನು ಸಾಮಿಯಾನದ ಎಡಗಡೆ ಪುಸ್ತಕ ಹಿಡಿದುಕೊಂಡು ಕೂತಿರುತ್ತೇನೆ.

ಇವತ್ತು ಶುಕ್ಲಪಕ್ಷದ ಅಷ್ಟಮಿ. ಬೇಕೆಂದೇ ಸಮಿತಿಯವರನ್ನು ಕೇಳಿ ಈ ದಿನವನ್ನೇ ಇಟ್ಟುಕೊಂಡಿದ್ದೇವೆ. ಚಂದ್ರನ ಕುಳಿಗಳು ಹುಣ್ಣಿಮೆಗಿಂತ ಅರ್ಧಚಂದ್ರ ಇದ್ದಾಗಲೇ ಚೆನ್ನಾಗಿ ಕಾಣುವುದು. ಬೆಳಕು ಪಕ್ಕದಿಂದ ಬಿದ್ದು, ಕುಳಿಯ ಅಂಚಿನ ನೆರಳು ಉದ್ದವಾಗಿ ಬೀಳುತ್ತದೆ. ಕೊಳವೆಯಲ್ಲಿ ಹಲ್ಲಿಮೊಟ್ಟೆ ಈಗಿಲ್ಲ, ಒಂಬತ್ತನೇ ತರಗತಿಯ ಮೂರು ಹೆಣ್ಣುಮಕ್ಕಳು ಸ್ವಚ್ಛ ಮಾಡಿ, ಜೋಡಿಸಲು ಕಲಿತು, ನನಗಿಂತ ಬೇಗ ಫೋಕಸ್ ಮಾಡುತ್ತಾರೆ. ಸಂಜೆ ಆರೂವರೆಗೆ ಕಬಡ್ಡಿ ಅಂಕಣದ ಹತ್ತಿರ ದೂರದರ್ಶಕ ಹಾಕಿರುತ್ತಾರೆ. ನಾಟಕ ಶುರುವಾಗುವುದು ಎಂಟಕ್ಕೆ, ಅಲ್ಲಿಯವರೆಗೆ ಹೊತ್ತಿದೆ. ಗೇಟು ತೆರೆದಿರುತ್ತದೆ, ಶಾಲೆಯಲ್ಲಿ ಓದದವರೂ ಬರಬೇಕು. ಕನ್ನಡಕ ಹಾಕಿದವರು ತೆಗೆಯಬೇಕಾಗಿಲ್ಲ. ಕಾಣಲಿಲ್ಲ ಅಂದರೆ ನಾಚಿಕೆ ಬೇಡ, ಆ ಹುಡುಗಿಯರಿಗೆ ಹೇಳಿ, ಮತ್ತೆ ಸರಿಮಾಡಿ ತೋರಿಸುತ್ತಾರೆ.